ಎನ್‌ಮ್ಯಾಪ್: ಸುಡೊದಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ನಿಲ್ಲುತ್ತೆ

ಪ್ರಶ್ನೆ:
ಡೆಬಿಯನ್ ಸರ್ವರ್‌ನಲ್ಲಿ ಆಪ್ಟ್‌ನಿಂದ ಎನ್‌ಮ್ಯಾಪ್ (ನೆಟ್‌ವರ್ಕ್‌ನ ಯಂತ್ರಗಳಲ್ಲಿ ತೆರೆದ ಪೋರ್ಟ್ ಹುಡುಕುವ ಟೂಲ್) ಹಾಕಿದ್ದೇನೆ. ನಮ್ಮದೇ ಎರಡು /24 (ತಲಾ 256 ವಿಳಾಸದ) ನೆಟ್‌ವರ್ಕ್‌ಗಳನ್ನು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ, ಹೊಸದಾಗಿ ಯಾವ ಪೋರ್ಟ್ ತೆರೆದಿದೆ ಅಂತ ನೋಡಬೇಕು. ಒಂದು ನೆಟ್‌ವರ್ಕ್ ಸರ್ವರ್ ಇರುವುದೇ, ಇನ್ನೊಂದು ರೌಟರ್ ಆಚೆಗಿದೆ. ಲಿಖಿತ ಅನುಮತಿ ಇದೆ.

ಕೈಯಿಂದ ಸುಡೊ (ರೂಟ್, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಕೊಟ್ಟರೆ ಸರಿ. ಸಾಮಾನ್ಯ ಯೂಸರ್‌ನ ಕ್ರಾನ್‌ಟ್ಯಾಬ್‌ನಲ್ಲಿ (ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ಕ್ರಾನ್‌ನ ಪಟ್ಟಿ) ಹಾಕಿದರೆ ರೂಟ್ ಬೇಕು ಅಂತ ನಿಂತುಬಿಡುತ್ತೆ. ರೂಟ್‌ನ ಕ್ರಾನ್‌ಟ್ಯಾಬ್‌ಗೆ ಹಾಕಿದರೆ ಔಟ್‌ಪುಟ್ ಫೈಲೇ ಬರಲ್ಲ. ಫೈಲ್ ಹೆಸರಿಗೆ $(ಡೇಟ್ +%ಎಫ್), ಅಂದರೆ ಆ ದಿನದ ತಾರೀಖು ಸೇರಿಸಿದ್ದೇನೆ. ಆಯ್ಕೆಗಳು: -ಎಸ್‌ಎಸ್ (ಸಿನ್ ಸ್ಕ್ಯಾನ್) -ಪಿಎನ್ (ಹೋಸ್ಟ್ ಇದೆಯೇ ಅಂತ ಮೊದಲು ನೋಡದೆ) -ಪಿ- (ಎಲ್ಲಾ ಪೋರ್ಟ್) -ಟಿ4 (ವೇಗವಾಗಿ). ಆಚೆಯ ನೆಟ್‌ವರ್ಕ್ ಅಂತೂ ಬೆಳಗಾದರೂ ಮುಗಿಯಲ್ಲ.

ಉತ್ತರ 1:
ಫೈಲ್ ಬರದಿರುವುದು ಎನ್‌ಮ್ಯಾಪ್ ತಪ್ಪಲ್ಲ, ಆ % ಚಿಹ್ನೆಯದು. ಕ್ರಾನ್‌ಟ್ಯಾಬ್ ಸಾಲಿನಲ್ಲಿ ಬರಿಯ % ಕಂಡರೆ ಕ್ರಾನ್ ಕಮಾಂಡನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದನ್ನು ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಕಳಿಸುತ್ತದೆ. ಬ್ರಾಕೆಟ್ ಮುಚ್ಚದೆ ಉಳಿಯುತ್ತೆ, ಶೆಲ್ ಸಿಂಟ್ಯಾಕ್ಸ್ ಎರರ್ ಕೊಟ್ಟು ಹೊರಬರುತ್ತೆ. \% ಅಂತ ಬರೆದರೆ ಸಾಕು. ನನ್ನ ಪ್ರಕಾರ ಎಲ್ಲವನ್ನೂ ಒಂದು ಶೆಲ್ ಸ್ಕ್ರಿಪ್ಟ್‌ಗೆ ಹಾಕಿ, ಕ್ರಾನ್‌ನಿಂದ ಅದನ್ನು ಫ್ಲಾಕ್ -ಎನ್ ಮೂಲಕ ಕರೆಯುವುದೇ ವಾಸಿ. ಹಿಂದಿನದು ಮುಗಿಯದೆ ಇನ್ನೊಂದು ಶುರುವಾಗಲ್ಲ.

ಉತ್ತರ 2:
ಸಿನ್ ಸ್ಕ್ಯಾನ್ ಪ್ಯಾಕೆಟ್‌ಗಳನ್ನು ತಾನೇ ಕಟ್ಟಿ ಕಳಿಸುತ್ತದೆ, ಅದಕ್ಕೆ ರಾ ಸಾಕೆಟ್ ಬೇಕು. ರೂಟ್ ಬೇಡವೆಂದರೆ -ಎಸ್‌ಟಿ ಬಳಸಬಹುದು; ಆದರೆ ಅದು ಪೂರ್ತಿ ಕನೆಕ್ಷನ್ ಮಾಡುವುದರಿಂದ ಎದುರಿನ ಸರ್ವಿಸ್‌ಗಳ ಲಾಗ್ ತುಂಬುತ್ತೆ.

ಸುಡೊಯರ್ಸ್‌ನಲ್ಲಿ (ಯಾರು ಏನನ್ನು ಸುಡೊದಲ್ಲಿ ಓಡಿಸಬಹುದು ಅನ್ನುವ ಫೈಲ್) ಬರೀ ಎನ್‌ಮ್ಯಾಪ್ ಅಂತ ಬರೆದು ಬಿಡಬೇಡಿ. --ಸ್ಕ್ರಿಪ್ಟ್‌ಗೆ ಒಂದು ಲುವಾ ಫೈಲ್ ಕೊಟ್ಟರೆ ರೂಟ್ ಶೆಲ್ ಸಿಕ್ಕ ಹಾಗೇ. ಬದಲಿಗೆ ಒಂದು ಗ್ರೂಪ್ ಮಾಡಿ, ಎನ್‌ಮ್ಯಾಪ್ ಬೈನರಿಯನ್ನು ಆ ಗ್ರೂಪಿಗೆ ಕೊಟ್ಟು 750 ಪರ್ಮಿಷನ್ ಹಾಕಿ. ಆಮೇಲೆ ಸೆಟ್‌ಕ್ಯಾಪ್‌ನಿಂದ ಕ್ಯಾಪ್_ನೆಟ್_ರಾ, ಕ್ಯಾಪ್_ನೆಟ್_ಅಡ್ಮಿನ್ ಎರಡನ್ನೂ (ಇವು ಕೇಪಬಿಲಿಟಿಗಳು, ರೂಟ್ ಅಧಿಕಾರದ ತುಣುಕುಗಳು) +ಇಐಪಿ ಕೊಡಿ. ಈ ಕ್ರಮ ತಿರುಗಿಸಬೇಡಿ: ಓನರ್ ಅಥವಾ ಗ್ರೂಪ್ ಬದಲಿಸಿದರೆ ಕರ್ನಲ್ ಕೇಪಬಿಲಿಟಿಗಳನ್ನು ಅಳಿಸಿಬಿಡುತ್ತದೆ. ಓಡಿಸುವಾಗ --ಪ್ರಿವಿಲೆಜ್ಡ್ ಬೇಕೇ ಬೇಕು, ಇಲ್ಲದಿದ್ದರೆ ಯುಐಡಿ 0 ಅಲ್ಲ ಅಂತ ಮತ್ತೆ ಅದೇ ಎರರ್.

ಪ್ಯಾಕೇಜ್ ಅಪ್‌ಗ್ರೇಡ್ ಆದಾಗ ಬೈನರಿ ಹೊಸದಾಗುತ್ತೆ, ಕೇಪಬಿಲಿಟಿ ಹೋಗುತ್ತೆ. ಡಿಪಿಕೆಜಿ-ಸ್ಟ್ಯಾಟ್‌ಓವರ್‌ರೈಡ್ ಗ್ರೂಪ್, ಪರ್ಮಿಷನ್‌ಗಳನ್ನಷ್ಟೇ ಉಳಿಸಿಕೊಡುತ್ತೆ. ಸ್ಕ್ರಿಪ್ಟ್ ಶುರುವಿನಲ್ಲೇ ಗೆಟ್‌ಕ್ಯಾಪ್‌ನಿಂದ ಒಮ್ಮೆ ನೋಡಿಸಿ.

ಪ್ರಶ್ನೆ ಕೇಳಿದವರು:
% ಸರಿಹೋಯಿತು, ಸೆಟ್‌ಕ್ಯಾಪ್ ಕೂಡ. ವೇಗ? ಪಕ್ಕದ ನೆಟ್‌ವರ್ಕ್‌ಗೂ -ಪಿಎನ್ ಇದೆ, ಅದು ಬೇಗ ಮುಗಿಯುತ್ತಲ್ಲ.

ಉತ್ತರ 3:
ಪಕ್ಕದ ನೆಟ್‌ವರ್ಕ್‌ನಲ್ಲಿ -ಪಿಎನ್ ಇದ್ದರೂ ಎನ್‌ಮ್ಯಾಪ್ ಎಆರ್‌ಪಿ (ಈ ವಿಳಾಸ ಯಾರದು ಅನ್ನುವ, ಅದೇ ನೆಟ್‌ವರ್ಕ್‌ನೊಳಗಿನ ಪ್ರಶ್ನೆ) ಕೇಳಿಯೇ ಕೇಳುತ್ತದೆ. ಉತ್ತರ ಕೊಡದ ವಿಳಾಸವನ್ನು ಬಿಟ್ಟು ಮುಂದೆ ಹೋಗುತ್ತದೆ. ರೌಟರ್ ಆಚೆ ಎಆರ್‌ಪಿ ನಡೆಯಲ್ಲ, ಹಾಗಾಗಿ 256 ವಿಳಾಸಗಳೂ ಜೀವಂತ ಅಂದುಕೊಳ್ಳುತ್ತದೆ. 256 × 65,535, ಅಂದರೆ ಸುಮಾರು 1.68 ಕೋಟಿ ಪ್ರೋಬ್. ಮುಚ್ಚಿದ ಪೋರ್ಟ್ ಆರ್‌ಎಸ್‌ಟಿ (ನಿರಾಕರಣೆ) ಕಳಿಸಿದರೆ ಕೆಲಸ ಚಟಕ್ಕನೆ ಮುಗಿಯುತ್ತೆ. ಫೈರ್‌ವಾಲ್ ಸದ್ದಿಲ್ಲದೆ ನುಂಗಿದರೆ ಕಾದು, ಮತ್ತೆ ಕಳಿಸಿ, ಮತ್ತೆ ಕಾಯಬೇಕು.

ಎರಡು ಹಂತ ಮಾಡಿ. ಮೊದಲು -ಎಸ್‌ಎನ್ (ಪೋರ್ಟ್ ನೋಡದೆ ಹೋಸ್ಟ್ ಹುಡುಕುವುದಷ್ಟೇ); ಪಿಂಗ್ ತಡೆದಿದ್ದರೆ ಜೊತೆಗೆ -ಪಿಎಸ್22,443,3389 (ಆ ಪೋರ್ಟ್‌ಗಳನ್ನು ತಟ್ಟಿ ನೋಡುವುದು). ಸಿಕ್ಕ ಹೋಸ್ಟ್‌ಗಳ ಪಟ್ಟಿಯನ್ನು -ಐಎಲ್‌ನಿಂದ ಓದಿಸಿ, -ಪಿಎನ್ -ಪಿ- --ಮ್ಯಾಕ್ಸ್-ರಿಟ್ರೈಸ್ 2 ಕೊಡಿ. --ಹೋಸ್ಟ್-ಟೈಮ್‌ಔಟ್ ಹಾಕುವ ಮುಂಚೆ ಯೋಚಿಸಿ: ಸಮಯ ಮೀರಿದ ಹೋಸ್ಟ್‌ನ ಪೋರ್ಟ್‌ಗಳು ಫಲಿತಾಂಶದಲ್ಲೇ ಇರಲ್ಲ, ಹೋಲಿಸಿ ನೋಡುವಾಗ ಎಲ್ಲಾ ಮುಚ್ಚಿಹೋದ ಹಾಗೆ ಕಾಣುತ್ತೆ.

ಯುಡಿಪಿಗೆ -ಪಿ- ಮರೆತುಬಿಡಿ. ಲಿನಕ್ಸ್ ಹೋಸ್ಟ್ ಸೆಕೆಂಡಿಗೆ ಸುಮಾರು ಒಂದೇ 'ಪೋರ್ಟ್ ಇಲ್ಲ' ಸಂದೇಶ ಕಳಿಸುವುದರಿಂದ ಒಂದೊಂದು ಯಂತ್ರಕ್ಕೂ 18 ಗಂಟೆ ದಾಟುತ್ತೆ. --ಟಾಪ್-ಪೋರ್ಟ್ಸ್ 100 ಸಾಕು.

ಹೋಲಿಕೆಗೆ ಎನ್‌ಡಿಫ್ ಇದೆ, ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜ್. ಅದಕ್ಕೆ ಎಕ್ಸ್‌ಎಂಎಲ್ ಫೈಲ್ ಬೇಕು, ಆದ್ದರಿಂದ -ಓಎ ಬಳಸಿ. ವ್ಯತ್ಯಾಸ ಇದ್ದರೆ ಎಕ್ಸಿಟ್ ಕೋಡ್ 1, ಎರರ್ ಆದರೆ 2. ಎರಡಕ್ಕೂ ಮೇಲ್ ಬರಲಿ.

ಉತ್ತರ 2 (ಮತ್ತೆ):
ಒಂದು ಸೇರಿಸುತ್ತೇನೆ. ಮಧ್ಯದ ರೌಟರ್ ಸ್ಟೇಟ್‌ಫುಲ್ ಫೈರ್‌ವಾಲ್ ಆಗಿದ್ದರೆ ಅದರ ಲಾಗ್‌ನಲ್ಲಿ ಕಾನ್‌ಟ್ರ್ಯಾಕ್ (ಕನೆಕ್ಷನ್‌ಗಳ ಲೆಕ್ಕ ಇಡುವ) ಟೇಬಲ್ ತುಂಬಿತು ಅಂತ ಬರುತ್ತಾ ನೋಡಿ. ಬಂದರೆ ಬೇರೆಯವರ ಟ್ರಾಫಿಕ್ ಕೂಡ ಬೀಳುತ್ತಿದೆ ಅಂತ ಅರ್ಥ. -ಟಿ4 ಜೊತೆ --ಮ್ಯಾಕ್ಸ್-ರೇಟ್ 500 (ಸೆಕೆಂಡಿಗೆ ಹೆಚ್ಚೆಂದರೆ 500 ಪ್ಯಾಕೆಟ್) ಹಾಕಿ, ಲಾಗ್ ನೋಡಿಕೊಂಡು ಏರಿಸಿ.