ಸಹಾಯ ಬೇಕು: ಜನವರಿಯಲ್ಲಿ ಹೊನ್ನಾವರದ ಕಡೆ ಐದು ದಿನ

ಎಲ್ಲರಿಗೂ ನಮಸ್ಕಾರ. ಬೀದರಿನ ಚಳಿಗೆ ನಮ್ಮವ್ವನ ಮೊಣಕಾಲು ಹಿಡಿದುಕೊಳ್ಳುತ್ತದೆ. ಜನವರಿಯಲ್ಲಿ ಐದು ದಿನ ಅವಳನ್ನು ಕರಾವಳಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಓಡಾಟದ ಪ್ರವಾಸವಲ್ಲ, ಬೆಳಿಗ್ಗೆ ಸಮುದ್ರದ ಗಾಳಿ, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಉಂಡು ನಿದ್ದೆ, ಅಷ್ಟೇ. ಗೋಕರ್ಣದಲ್ಲಿ ಜನಜಂಗುಳಿ, ಓಂ ಬೀಚಿಗೆ ಮೆಟ್ಟಿಲು ಬೇರೆ. ಹಾಗಾಗಿ ಹೊನ್ನಾವರದ ಕಾಸರಕೋಡು ಮನಸ್ಸಿನಲ್ಲಿದೆ.

ಶರಾವತಿ ದಡದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುಸೇತುವೆಯ ಮೇಲೆ ಊರುಗೋಲು ಹಿಡಿದವರು ನಡೆಯಬಹುದೇ? ಅಪ್ಸರಕೊಂಡ ಜಲಪಾತದಲ್ಲಿ ಎಷ್ಟು ಮೆಟ್ಟಿಲು ಇಳಿಯಬೇಕು? ನೆಲಮಹಡಿಯ ಕೋಣೆ, ಕಮೋಡ್, ಮನೆಯೂಟ ಇರುವ ಹೋಮ್‌ಸ್ಟೇ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸ್ವತಃ ಉಳಿದು ಬಂದವರ ಮಾತೇ ಬೇಕು. ಕಳೆದ ವರ್ಷ ಫೋಟೊ ನಂಬಿ ಹೋದರೆ, ‘ಸಮುದ್ರದ ಪಕ್ಕ’ ಎಂದ ಮನೆಯಿಂದ ಸಮುದ್ರ ಎರಡು ಕಿಲೋಮೀಟರ್ ದೂರವಿತ್ತು. ಅವ್ವ ಅದನ್ನು ಹೇಳಿಕೊಂಡು ಇವತ್ತಿಗೂ ನಗುತ್ತಾಳೆ.