ಗರ್ಭಕೋಶದ ಆಪರೇಷನ್‌ನಲ್ಲಿ ಮೂತ್ರನಾಳಕ್ಕೆ ಪೆಟ್ಟು: ಪರಿಹಾರ ಕೇಳುವುದು ಎಲ್ಲಿ, ಹೇಗೆ?

ಕುಶಾವತಿ_ತೀರ್ಥಹಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 49 ವರ್ಷ. ಗಡ್ಡೆ ಇದೆ ಎಂದು ಶಿವಮೊಗ್ಗದ ಒಂದು ಖಾಸಗಿ ನರ್ಸಿಂಗ್ ಹೋಂನಲ್ಲಿ ಗರ್ಭಕೋಶ ತೆಗೆಸಿದೆವು. ಎರಡನೇ ದಿನದಿಂದಲೇ ಎಡಪಕ್ಕೆ ನೋವು, ಜ್ವರ. ಗ್ಯಾಸ್ ಎಂದು ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಆಮೇಲೆ ಮೂತ್ರ ತಾನಾಗಿಯೇ ಸೋರತೊಡಗಿತು. ತೋರಿಸಲು ಹೋದಾಗಲೂ ಸ್ಕ್ಯಾನ್ ಮಾಡಲಿಲ್ಲ. ಕೊನೆಗೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿ, ಎಡ ಮೂತ್ರನಾಳಕ್ಕೆ (ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಕೊಳವೆ) ಪೆಟ್ಟಾಗಿದೆ ಎಂದರು. ನಾಳದೊಳಗೆ ಇಡುವ ಸಣ್ಣ ಕೊಳವೆ (ಸ್ಟೆಂಟ್) ಹೋಗಲಿಲ್ಲ, ಎರಡನೇ ಆಪರೇಷನ್ ಆಯಿತು. ಮೊದಲ ಆಪರೇಷನ್ ಆಗಿ ಈಗ ಒಂದು ವರ್ಷ ನಾಲ್ಕು ತಿಂಗಳು. ಮೊದಲಿನವರು ಡಿಸ್ಚಾರ್ಜ್ ಸಮ್ಮರಿ ಬಿಟ್ಟು ಬೇರೆ ಕಾಗದ ಕೊಡುತ್ತಿಲ್ಲ. "ಇದು ಗೊತ್ತಿರುವ ತೊಡಕು, ನೀವೇ ಸಹಿ ಹಾಕಿದ್ದೀರಿ" ಎನ್ನುತ್ತಾರೆ. ಸ್ವಲ್ಪ ಹಣ ಕೊಟ್ಟು ಮುಗಿಸುವ ಮಾತೂ ಬಂದಿದೆ. ಎಲ್ಲಿಂದ ಶುರು ಮಾಡಬೇಕು? ಪೊಲೀಸ್ ಕಂಪ್ಲೇಂಟ್ ಕೊಡಬೇಕಾ?

ಕೋರ್ಟ್‌ರಸ್ತೆ ಉತ್ತರ:

ಮೊದಲು ಕಾಲಮಿತಿ ನೋಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 69ರ ಪ್ರಕಾರ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಪೆಟ್ಟು ಗೊತ್ತಾದ ದಿನದಿಂದ ಎಣಿಸಬೇಕು ಎಂದು ವಾದಿಸಬಹುದು, ಆದರೆ ಆ ವಾದವನ್ನು ನಂಬಿ ಕೂರಬೇಡಿ. ಮೊದಲ ಆಪರೇಷನ್ ದಿನದಿಂದಲೇ ಎಣಿಸಿ. ನಿಮಗೆ ಉಳಿದಿರುವುದು ಎಂಟು ತಿಂಗಳು. ಲೀಗಲ್ ನೋಟಿಸ್ ಕಳಿಸಿದರೆ, ಪತ್ರ ವ್ಯವಹಾರ ನಡೆಸಿದರೆ ಕಾಲಮಿತಿ ಮುಂದೆ ಹೋಗುವುದಿಲ್ಲ. ರಾಜಿ ಮಾತಿನಲ್ಲಿ ತಿಂಗಳುಗಟ್ಟಲೆ ಎಳೆಸಿಕೊಂಡು ಅವಧಿ ಮೀರಿಸಿಕೊಳ್ಳುವವರೇ ಹೆಚ್ಚು. ತಡವಾದರೂ ಸಕಾರಣ ತೋರಿಸಿ ವಿಳಂಬವನ್ನು ಮನ್ನಿಸುವಂತೆ ಕೋರಬಹುದು, ಒಪ್ಪುವುದು ಬಿಡುವುದು ಆಯೋಗದ ವಿವೇಚನೆ.

ಎಲ್ಲಿ ಎಂಬುದು ಸುಲಭ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಗಾಗಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ ಸಾಕು. ಚಿಕಿತ್ಸೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆಗಿದ್ದರೂ ಇದೇ ನಿಯಮ. ಜಿಲ್ಲೆಯೋ ರಾಜ್ಯ ಆಯೋಗವೋ ಎಂಬುದು ಈಗ ನೀವು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ಆಸ್ಪತ್ರೆಗೆ ಕೊಟ್ಟ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಕೊಟ್ಟಿದ್ದರೆ ಜಿಲ್ಲೆ. ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಲ್ಲಿಸಬಹುದು.

ದೂರುದಾರರು ಅಮ್ಮನೇ ಆಗಿರಬೇಕು. ನೀವು ಓಡಾಡುವುದಾದರೆ ಅವರಿಂದ ಅಧಿಕಾರ ಪತ್ರ ಬರೆಸಿಕೊಳ್ಳಿ. ಎದುರುದಾರರಾಗಿ ನರ್ಸಿಂಗ್ ಹೋಂ ಮತ್ತು ಆಪರೇಷನ್ ಮಾಡಿದ ವೈದ್ಯರು ಇಬ್ಬರನ್ನೂ ಸೇರಿಸಿ. ವೈದ್ಯರಿಗೆ ಇಂಡೆಮ್ನಿಟಿ ಪಾಲಿಸಿ (ಇಂಥ ಪರಿಹಾರದ ಹಣ ಭರಿಸುವ ವಿಮೆ) ಇರುವುದು ಗೊತ್ತಾದರೆ ಆ ವಿಮಾ ಕಂಪನಿಯನ್ನೂ ಸೇರಿಸಿ, ಆದೇಶವಾದ ಮೇಲೆ ಹಣ ಬರುವ ದಾರಿ ಅದು. ಒಬ್ಬ ವೈದ್ಯರ ಹೆಸರು ಬಿಟ್ಟುಹೋಯಿತೆಂದು ಕೇಸು ಬೀಳುವುದಿಲ್ಲ. ತನ್ನ ವೈದ್ಯರು, ಸಿಬ್ಬಂದಿಯ ಕೆಲಸಕ್ಕೆ ಆಸ್ಪತ್ರೆಯೇ ಹೊಣೆ ಎಂದು ಸವಿತಾ ಗರ್ಗ್ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟ್ ಹೇಳಿದೆ.

ಆಯೋಗದ ನೋಟಿಸ್ ತಲುಪಿದ ಮೇಲೆ ಎದುರುದಾರರು 30 ದಿನದೊಳಗೆ ತಕರಾರು ಸಲ್ಲಿಸಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು, ಅದರಾಚೆ ಇಲ್ಲ. ಕಾಯ್ದೆ ಮೂರರಿಂದ ಐದು ತಿಂಗಳಲ್ಲಿ ತೀರ್ಮಾನ ಎನ್ನುತ್ತದೆ. ವೈದ್ಯಕೀಯ ಕೇಸುಗಳು ಅಷ್ಟರಲ್ಲಿ ಮುಗಿಯುವುದಿಲ್ಲ, ವರ್ಷಗಳ ಲೆಕ್ಕಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ ಆದೇಶದ ಅರ್ಧ ಹಣ ಠೇವಣಿ ಇಡಲೇಬೇಕು.

ವಾರ್ಡ್‌ಸಿಸ್ಟರ್ ಉತ್ತರ:

ಕಾನೂನಿನ ಮಾತು ಮೇಲಿನವರು ಹೇಳಿದ್ದಾರೆ. ಕಾಗದದ ಬಗ್ಗೆ ನಾನು ಹೇಳುತ್ತೇನೆ, ಕೇಸು ಗೆಲ್ಲುವುದು ಸೋಲುವುದು ಅಲ್ಲೇ.

"ಕೇಸ್ ಶೀಟ್ ಕೊಡಿ" ಎಂದಷ್ಟೇ ಬರೆಯಬೇಡಿ. ಹೆಸರು ಹಿಡಿದು ಕೇಳಿ: ಒಪ್ಪಿಗೆ ಪತ್ರ, ಅರಿವಳಿಕೆಗೆ ಮುಂಚಿನ ತಪಾಸಣೆ, ಒಟಿ ನೋಟ್ಸ್ (ಆಪರೇಷನ್ ಹೇಗೆ ಮಾಡಿದರೆಂಬ ಟಿಪ್ಪಣಿ), ಆಪರೇಷನ್ ನಂತರದ ದಿನವಹಿ ಟಿಪ್ಪಣಿ, ನರ್ಸ್ ಚಾರ್ಟ್, ಜ್ವರದ ಚಾರ್ಟ್, ಇನ್‌ಟೇಕ್-ಔಟ್‌ಪುಟ್ ಚಾರ್ಟ್ (ಒಳಗೆ ಹೋದ ದ್ರವ, ಹೊರಬಂದ ಮೂತ್ರದ ಲೆಕ್ಕ), ಔಷಧಿ ಚಾರ್ಟ್, ಲ್ಯಾಬ್ ವರದಿಗಳು, ಬಿಲ್, ಆಮೇಲೆ ತೋರಿಸಲು ಹೋದಾಗಿನ ಒಪಿಡಿ ಚೀಟಿ. ಒಂದು ಪ್ರತಿ ಕೈಯಲ್ಲಿ ಕೊಟ್ಟು ಸೀಲು, ದಿನಾಂಕ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ಡೆಲಿವರಿ ವರದಿ ಇಟ್ಟುಕೊಳ್ಳಿ. ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಕೊಡದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆ) ಪ್ರಾಧಿಕಾರಕ್ಕೆ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಯ ಮೂಲಕ, ದೂರು ಕೊಡಿ. ಆಗಲೂ ಬರದಿದ್ದರೆ ಆ ನಿರಾಕರಣೆಯೇ ಆಯೋಗದ ಮುಂದೆ ನಿಮ್ಮ ಪರವಾದ ಸಾಕ್ಷಿ.

ಈಗ ಮುಖ್ಯ ವಿಷಯ. ಮೂತ್ರನಾಳ ಗರ್ಭಕೋಶದ ರಕ್ತನಾಳದ ಅಡಿಯಲ್ಲೇ, ಗರ್ಭಕಂಠದಿಂದ ಸುಮಾರು ಎರಡು ಸೆಂ.ಮೀ. ದೂರದಲ್ಲಿ ಹಾದುಹೋಗುತ್ತದೆ. ನುರಿತ ಕೈಯಲ್ಲೂ ಅದಕ್ಕೆ ಪೆಟ್ಟಾಗಬಹುದು. ಆದ್ದರಿಂದ "ಪೆಟ್ಟಾಯಿತು, ಅದೇ ನಿರ್ಲಕ್ಷ್ಯ" ಎಂದು ಬರೆದರೆ "ಗೊತ್ತಿರುವ ತೊಡಕು" ಎಂಬ ಅವರ ಉತ್ತರ ನಿಲ್ಲುತ್ತದೆ. ನಿಮ್ಮ ಬಲ ಇರುವುದು ಆಮೇಲಿನ ದಿನಗಳಲ್ಲಿ. ಪಕ್ಕೆ ನೋವು, ಜ್ವರ ಇದ್ದಾಗ ಒಂದು ಅಲ್ಟ್ರಾಸೌಂಡ್ ಮಾಡಿದ್ದರೆ ಕಿಡ್ನಿ ಊದಿರುವ ಸುಳಿವು ಸಿಗುವ ಸಾಧ್ಯತೆ ಹೆಚ್ಚಿತ್ತು. ಸೋರಿಕೆ ಶುರುವಾದ ಮೇಲೂ ಪರೀಕ್ಷೆ ಮಾಡಿಸದಿದ್ದದ್ದು, ದೊಡ್ಡ ಆಸ್ಪತ್ರೆಗೆ ಕಳಿಸದಿದ್ದದ್ದು ಇನ್ನೂ ಗಂಭೀರ. ಯಾವ ದಿನ ಏನು ತೊಂದರೆ, ಯಾರಿಗೆ ಹೇಳಿದಿರಿ, ಅವರು ಏನು ಮಾಡಿದರು, ಏನು ಮಾಡಬೇಕಿತ್ತು ಎಂದು ದಿನಾಂಕವಾರು ಬರೆಯಿರಿ.

ಅವರ ವಕೀಲರು ಔಟ್‌ಪುಟ್ ಚಾರ್ಟ್ ತೋರಿಸಿ "ಮೂತ್ರ ಚೆನ್ನಾಗಿಯೇ ಹೋಗಿದೆ" ಎನ್ನಬಹುದು. ಒಂದೇ ಬದಿಯ ನಾಳ ಕಟ್ಟಿದರೆ ಇನ್ನೊಂದು ಕಿಡ್ನಿ ಕೆಲಸ ಮಾಡುತ್ತಿರುತ್ತದೆ, ಪ್ರಮಾಣ ಕಡಿಮೆಯಾಗದೇ ಇರಬಹುದು. ಅದಕ್ಕೇ ಜ್ವರದ ಚಾರ್ಟ್, ನೋವಿನ ಇಂಜೆಕ್ಷನ್‌ಗಳ ಸಂಖ್ಯೆ, ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವ ರಕ್ತಪರೀಕ್ಷೆ) ವರದಿ ನೋಡಿಸಿ.

ಎರಡನೇ ಆಸ್ಪತ್ರೆಯ ಸಿಟಿ ಫಿಲ್ಮ್ ಅಥವಾ ಸಿಡಿ, ಒಟಿ ನೋಟ್ಸ್ ಬೇಕೇಬೇಕು. ನಾಳ ಎಲ್ಲಿ, ಹೇಗೆ ಹಾಳಾಗಿತ್ತು ಎಂಬುದು ಅದರಲ್ಲಿರುತ್ತದೆ. ಅಲ್ಲಿನ ವೈದ್ಯರು ಮೊದಲಿನವರನ್ನು ದೂರಲಿ ಎಂದು ಕಾಯಬೇಡಿ. ಅವರು ಬರೆದಿಟ್ಟ ಸಂಗತಿಗಳೇ ಸಾಕು.

ಕುಶಾವತಿ_ತೀರ್ಥಹಳ್ಳಿ:

ತುಂಬ ಉಪಕಾರವಾಯಿತು ಸರ್, ಸಿಸ್ಟರ್. ಸಹಿ ಹಾಕಿದ ವಿಷಯ? ತಜ್ಞರ ಅಭಿಪ್ರಾಯ ಇಲ್ಲದೆ ಆಗುವುದಿಲ್ಲ ಎಂದು ಒಬ್ಬರು ಹೆದರಿಸಿದರು. ಅಮ್ಮ ತೋಟ, ಕೊಟ್ಟಿಗೆ ನೋಡಿಕೊಳ್ಳುತ್ತಿದ್ದರು, ಸಂಬಳದ ಚೀಟಿ ಇಲ್ಲ.

ಕೋರ್ಟ್‌ರಸ್ತೆ ಉತ್ತರ:

ಅಪಾಯಕ್ಕೆ ಒಪ್ಪಿಗೆ ಕೊಟ್ಟರೆ ನಿರ್ಲಕ್ಷ್ಯಕ್ಕೆ ಒಪ್ಪಿಗೆ ಕೊಟ್ಟಂತೆ ಆಗುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಈ ಅಪಾಯ ಬರೆದಿದೆಯೇ, ಅಮ್ಮನಿಗೆ ತಿಳಿಯುವ ಭಾಷೆಯಲ್ಲಿದೆಯೇ, ಸಹಿ ಅಮ್ಮನದೋ ನಿಮ್ಮದೋ ನೋಡಿ. ಪ್ರಜ್ಞೆಯಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು. ಸಮೀರಾ ಕೊಹ್ಲಿ ತೀರ್ಪಿನಲ್ಲಿ (2008) ತಾಯಿ ಕೊಟ್ಟ ಒಪ್ಪಿಗೆಯನ್ನೇ ಕೋರ್ಟ್ ಒಪ್ಪಲಿಲ್ಲ.

ಎಲ್ಲ ಕೇಸಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು ವಿ. ಕಿಶನ್ ರಾವ್ ಪ್ರಕರಣದಲ್ಲಿ (2010) ತೀರ್ಮಾನವಾಗಿದೆ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟಂಥ ಕೇಸಿಗೆ ಬೇಡ. ನಿಮ್ಮಂಥದ್ದಕ್ಕೆ ಇದ್ದರೆ ಬಹಳ ಒಳ್ಳೆಯದು. ಊರಿನ ವೈದ್ಯರು ಊರಿನವರ ವಿರುದ್ಧ ಬರೆಯಲು ಹಿಂಜರಿಯುತ್ತಾರೆ, ಅದು ಸಹಜ. ಜಿಲ್ಲೆಯ ಹೊರಗಿನ ನಿವೃತ್ತ ಪ್ರಾಧ್ಯಾಪಕರನ್ನು ಹುಡುಕಿ, ಸ್ತ್ರೀರೋಗ ಅಥವಾ ಯುರಾಲಜಿಯವರು. ಇಲ್ಲವೇ ದಾಖಲೆಯನ್ನು ವೈದ್ಯಕೀಯ ಸಮಿತಿಗೆ ಕಳಿಸುವಂತೆ ಆಯೋಗಕ್ಕೇ ಅರ್ಜಿ ಹಾಕಿ. ಡೆಂಗಿ ರೋಗಿಯ ರಕ್ತಪರೀಕ್ಷೆಗಳ ಮೇಲೆ ನಿಗಾ ಇಡದ ಕಾರಣಕ್ಕೆ 15 ಲಕ್ಷ ಪರಿಹಾರ ಕೊಡಿಸಿದ ಅರುಣ್ ಕುಮಾರ್ ಮಾಂಗ್ಲಿಕ್ ತೀರ್ಪನ್ನು (2019) ನಿಮ್ಮ ವಕೀಲರಿಗೆ ಓದಲು ಹೇಳಿ. ನಿಗಾ ಇಡದಿದ್ದುದೇ ನಿರ್ಲಕ್ಷ್ಯ ಎಂಬ ನಿಮ್ಮ ವಾದಕ್ಕೆ ಹತ್ತಿರದ್ದು.

ಆದಾಯಕ್ಕೆ ಪಹಣಿ, ಮ್ಯಾಮ್ಕೋಸ್ ಅಥವಾ ಸೊಸೈಟಿಯ ಅಡಿಕೆ ಮಾರಾಟದ ಬಿಲ್, ಡೈರಿಗೆ ಹಾಲು ಹಾಕಿದ ಪುಸ್ತಕ ಇಡಿ. ಪಹಣಿ ಅಪ್ಪನ ಹೆಸರಲ್ಲಿದ್ದರೂ ಚಿಂತೆಯಿಲ್ಲ. ಅಮ್ಮನ ಬದಲು ಆಳು ಇಟ್ಟದ್ದಕ್ಕೆ ಕೊಟ್ಟ ಕೂಲಿ ನೇರ ನಷ್ಟ, ಅದರ ಲೆಕ್ಕ ಬರೆದಿಡಿ. ಎರಡನೇ ಆಸ್ಪತ್ರೆಯ ಖರ್ಚು, ಆಂಬುಲೆನ್ಸ್, ಆಗುಂಬೆ ಘಾಟಿ ಇಳಿದು ಹತ್ತಿದ ಬಾಡಿಗೆ, ಮುಂದಿನ ತಪಾಸಣೆ, ನೋವು-ಯಾತನೆ, ಬಡ್ಡಿ, ಕೇಸಿನ ಖರ್ಚು ಬೇರೆ ಬೇರೆ ಸಾಲಿನಲ್ಲಿ ಇರಲಿ. ಆಧಾರವಿಲ್ಲದೆ ಕೋಟಿ ಕೇಳಿದರೆ ನಿಜವಾದ ನಷ್ಟವೂ ಉತ್ಪ್ರೇಕ್ಷೆಯಂತೆ ಕಾಣುತ್ತದೆ.

ಗಾಜನೂರು_ಗೌಡ ಉತ್ತರ:

ಪೊಲೀಸ್ ದಾರಿ ನಿಮಗೆ ಬೇಡ ಎಂದೇ ನನ್ನ ಸಲಹೆ. ಜೇಕಬ್ ಮ್ಯಾಥ್ಯೂ ತೀರ್ಪಿನ (2005) ಪ್ರಕಾರ ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯ ಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ಅದು ಬಂದರೂ ಅಮ್ಮನ ಕೈಗೆ ಹಣ ಬರುವುದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು, ಅದು ಎಚ್ಚರಿಕೆ ಕೊಡಬಹುದು, ನೋಂದಣಿ ಅಮಾನತು ಮಾಡಬಹುದು, ಪರಿಹಾರ ಕೊಡಿಸುವುದಿಲ್ಲ. ಅಲ್ಲಿನ ತೀರ್ಮಾನಕ್ಕೆ ಕಾದು ಎರಡು ವರ್ಷ ಕಳೆದುಕೊಳ್ಳಬೇಡಿ.

ಇದೇ ಪ್ರಶ್ನೆ ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಯ ಬಗ್ಗೆಯೂ ಬರುತ್ತದೆ, ಅದಕ್ಕೂ ಒಂದು ಮಾತು. ಎಲ್ಲರಿಗೂ ಪೂರ್ತಿ ಉಚಿತವಾದ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಮಾಡುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ಗ್ರಾಹಕನೇ, ರೋಗಿಯ ಬಿಲ್ಲನ್ನು ವಿಮಾ ಕಂಪನಿ ಕಟ್ಟಿದ್ದರೂ ಹಾಗೆಯೇ (ವಿ.ಪಿ. ಶಾಂತಾ, 1995). ಗ್ರಾಹಕ ಆಯೋಗ ಆಗದಿದ್ದರೆ ಸಿವಿಲ್ ದಾವೆ ಇದೆ, ಸರ್ಕಾರಕ್ಕೆ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. ದಾಖಲೆಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು.

ವಕೀಲರ ಫೀಸು ಕಷ್ಟವಾದರೆ ಶಿವಮೊಗ್ಗ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ.

ಕೋರ್ಟ್‌ರಸ್ತೆ ಉತ್ತರ:

ರಾಜಿ ವಿಷಯ ಉಳಿಯಿತು. ಮಾತುಕತೆ ತಪ್ಪಲ್ಲ, ಆದರೆ ದೂರು ದಾಖಲಾದ ಮೇಲೆ, ಆಯೋಗದ ಮಧ್ಯಸ್ಥಿಕೆಯಲ್ಲೇ ಮಾಡಿ. ಹೊರಗೆ ನಗದು ತೆಗೆದುಕೊಂಡು "ಮುಂದೆ ಯಾವ ತಕರಾರೂ ಇಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿದರೆ ಆ ಕಾಗದವೇ ನಾಳೆ ನಿಮ್ಮ ವಿರುದ್ಧ ಬರುತ್ತದೆ. ಒಪ್ಪುವುದಾದರೆ ಎಡ ಕಿಡ್ನಿ ಈಗ ಎಷ್ಟು ಕೆಲಸ ಮಾಡುತ್ತಿದೆ ಎಂದು ಸ್ಕ್ಯಾನ್ ಮಾಡಿಸಿ, ಮುಂದಿನ ಚಿಕಿತ್ಸೆಯ ಖರ್ಚನ್ನು ಮೊತ್ತದಲ್ಲಿ ಸೇರಿಸಿ, ಹಣ ಅಮ್ಮನ ಬ್ಯಾಂಕ್ ಖಾತೆಗೇ ಬರುವಂತೆ ಬರೆಸಿ.