ಗ್ವೆನ್ ಸ್ಟೇಸಿಯನ್ನು ಕೊಂದದ್ದು ಬಿದ್ದ ಎತ್ತರವೋ, ಪೀಟರನ ಬಲೆಯೋ?

ಜಾಲಾಡಿ ಕೇಳಿದ್ದು:

2014ರ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2’ ಕೊನೇಲಿ ಗಡಿಯಾರ ಗೋಪುರದೊಳಗೆ ಪೀಟರನ (ಅಂದರೆ ಸ್ಪೈಡರ್‌ಮ್ಯಾನ್‌ನ) ಗೆಳತಿ ಗ್ವೆನ್ ಬೀಳ್ತಾಳೆ. ಬಲೆ ಹೋಗಿ ಹಿಡಿಯುತ್ತೆ, ಆದರೂ ಸಾಯ್ತಾಳೆ. ಕಾಮಿಕ್ಸ್ ಓದಿದವರನ್ನ ಕೇಳಿದರೆ ‘ಮೂಲದಲ್ಲಿ ಕೊಂದಿದ್ದೇ ಪೀಟರನ ಬಲೆ’ ಅಂತಾರೆ. ಮೂಲದಲ್ಲಿ ಇರೋದೇನು? ಬಲೆ ಹಿಡಿದರೆ ಕುತ್ತಿಗೆ ಮುರಿಯೋದು ಲೆಕ್ಕಕ್ಕೆ ಕೂರುತ್ತಾ? ಸಿನಿಮಾ ಮಾತ್ರ ನೋಡಿರೋರು ಇದಕ್ಕೆ ಯಾವ ಸಂಚಿಕೆಗಳನ್ನ ಓದಿದರೆ ಸಾಕು? 1963ರಿಂದ ಒಂದೊಂದಾಗಿ ಓದಿ ಅನ್ನಬೇಡಿ ದಯವಿಟ್ಟು.

ಹಳೇಪುಟ:

ಸಂಚಿಕೆ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121, ಮುಖಪುಟದ ಮೇಲಿನ ತಿಂಗಳು ಜೂನ್ 1973. ಕಥೆ ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್, ಶಾಯಿ ಮುಖ್ಯವಾಗಿ ಹಿರಿಯ ಜಾನ್ ರೊಮಿಟಾ. ಕಥೆಯ ಹೆಸರನ್ನು ಮೊದಲ ಪುಟದಲ್ಲಿ ಹಾಕದೆ ಕೊನೆಯ ಪುಟಕ್ಕೆ ಇಟ್ಟರು, ಏಕೆಂದರೆ ಹೆಸರಿನಲ್ಲೇ ಸಾವಿನ ಸುದ್ದಿ ಇತ್ತು.

ನಡೆಯುವುದು ಇಷ್ಟು. 119 ಮತ್ತು 120ರಲ್ಲಿ ಕೆನಡಾದಲ್ಲಿ ಹಲ್ಕ್ ಜೊತೆ ಬಡಿದಾಡಿ ಬಂದ ಪೀಟರನಿಗೆ ನೆಗಡಿ, ಜ್ವರ. ಇತ್ತ ಪೀಟರನ ಗೆಳೆಯ ಹ್ಯಾರಿಯ ಅಪ್ಪ ನಾರ್ಮನ್ ಆಸ್ಬಾರ್ನ್‌ಗೆ ತಾನೇ ಸ್ಪೈಡರ್‌ಮ್ಯಾನ್‌ನ ವೈರಿ ಗಾಬ್ಲಿನ್ ಎಂಬ ನೆನಪು ಮರಳುತ್ತದೆ. ಗ್ವೆನ್‌ಳನ್ನು ಹೊತ್ತೊಯ್ದು ಸೇತುವೆಯ ಗೋಪುರದ ತುದಿಯಲ್ಲಿ ಮಲಗಿಸುತ್ತಾನೆ. ಅವಳಿಗೆ ಪ್ರಜ್ಞೆ ಇಲ್ಲ. ಗಾಬ್ಲಿನ್‌ನ ಗ್ಲೈಡರ್ (ಅವನು ಹಾರಾಡುವ ಯಂತ್ರ) ಬಡಿದು ಕೆಳಗೆ ಬೀಳುತ್ತಾಳೆ, ಪೀಟರ್ ಎಸೆದ ಬಲೆ ಕಾಲಿಗೆ ಅಂಟಿಕೊಳ್ಳುತ್ತದೆ. ಆ ಚಿತ್ರದ ಚೌಕದಲ್ಲಿ ಅವಳ ಕುತ್ತಿಗೆಯ ಪಕ್ಕ ಸಣ್ಣ ಅಕ್ಷರದಲ್ಲಿ ‘ಸ್ನ್ಯಾಪ್’ (ಮುರಿದ ಸದ್ದು) ಎಂದಿದೆ. ಪೀಟರ್ ಅದನ್ನು ಕೇಳಿಸಿಕೊಂಡಂತಿಲ್ಲ. ತನ್ನ ಚಾಕಚಕ್ಯತೆಯನ್ನು ತಾನೇ ಹೊಗಳಿಕೊಳ್ಳುತ್ತ ಅವಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಆಮೇಲೆ ತಿಳಿಯುತ್ತದೆ. ಗಾಬ್ಲಿನ್ ಮಾತ್ರ ಬೇರೆಯೇ ಹೇಳುತ್ತಾನೆ: ಅಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ಮೊದಲೇ ಯಾರಾದರೂ ಸಾಯುತ್ತಾರೆ ಅಂತ. (ಇದು ಶುದ್ಧ ಸುಳ್ಳು. ಸ್ಕೈಡೈವಿಂಗ್ ಮಾಡುವವರು ಆ ಲೆಕ್ಕದಲ್ಲಿ ಒಬ್ಬರೂ ಬದುಕಬಾರದು.)

ಓದುಗರ ಗಲಾಟೆ ಜೋರಾದ ಮೇಲೆ 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಸಂಪಾದಕ ರಾಯ್ ಥಾಮಸ್ ಉತ್ತರ ಕೊಟ್ಟರು: ಬಲೆ ಥಟ್ಟನೆ ನಿಲ್ಲಿಸಿದಾಗಿನ ಎಳೆತವೇ ಸಾವಿಗೆ ಕಾರಣ. ಅಂದರೆ ಅಧಿಕೃತ ಉತ್ತರ ಇರುವುದು ಕಥೆಯಲ್ಲಲ್ಲ, ಪತ್ರಗಳ ಪುಟದಲ್ಲಿ. ಸಂಗ್ರಹ ಪುಸ್ತಕಗಳಲ್ಲಿ ಆ ಪುಟ ಸಾಮಾನ್ಯವಾಗಿ ಇರುವುದಿಲ್ಲ. ಈ ಜಗಳ ಇವತ್ತಿಗೂ ಮುಗಿಯದಿರುವುದಕ್ಕೆ ಅರ್ಧ ಕಾರಣ ಅದೇ.

ನ್ಯೂಟನ್ನನ ಭಾವ:

ಲೆಕ್ಕ ಕೂರುತ್ತೆ, ಚೆನ್ನಾಗೇ ಕೂರುತ್ತೆ. ಆದರೆ ಮೊದಲು ಯಾವ ಸೇತುವೆ ಅಂತ ಇತ್ಯರ್ಥ ಆಗಬೇಕು. ಮಾತಿನಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ ಅಂತಿದೆ, ಚಿತ್ರದಲ್ಲಿ ಇರೋದು ಬ್ರೂಕ್ಲಿನ್ ಸೇತುವೆಯ ಕಲ್ಲಿನ ಗೋಪುರ. ಮೊದಲನೆಯದರ ಗೋಪುರ 184 ಮೀಟರ್, ಎರಡನೆಯದು 84. ಚಿತ್ರವನ್ನೇ ನಂಬೋಣ.

ಗಾಳಿಯ ತಡೆ ಬಿಟ್ಟುಬಿಟ್ಟರೆ ಸೂತ್ರ ಇಷ್ಟೇ: ಬಿದ್ದ ದೂರವನ್ನ, ನಿಲ್ಲೋಕೆ ತಗೊಂಡ ದೂರದಿಂದ ಭಾಗಿಸಿ. ಬರೋ ಸಂಖ್ಯೆ ಗುರುತ್ವದ ಎಷ್ಟು ಪಟ್ಟು ಅನ್ನೋದು. 60 ಮೀಟರ್ ಬಿದ್ದಿದ್ದಾಳೆ ಅಂತಿಟ್ಟುಕೊಳ್ಳಿ. ಅಷ್ಟಕ್ಕೆ ಹಿಡಿಯೋದು ಸುಮಾರು 3.5 ಸೆಕೆಂಡ್, ವೇಗ ಗಂಟೆಗೆ 120 ಕಿ.ಮೀ. ದಾಟಿರುತ್ತೆ. ಬಲೆ 1 ಮೀಟರ್ ಒಳಗೆ ನಿಲ್ಲಿಸಿದರೆ 60 ಪಟ್ಟು. 3 ಮೀಟರ್ ಹಿಗ್ಗಿದರೆ 20. 20 ಮೀಟರ್ ಹಿಗ್ಗಿದರೆ ಬರೀ 3, ಅದನ್ನ ಯಾರು ಬೇಕಾದರೂ ತಡ್ಕೋತಾರೆ. ಬಂಜಿ ಹಗ್ಗವನ್ನ ರಬ್ಬರಿನಲ್ಲಿ ಮಾಡೋದು ಇದಕ್ಕೇ.

ಇನ್ನು ಕಾಲಿಗೆ ಅಂಟಿದ್ದು. ತಲೆಯ ತೂಕ ಹತ್ತಿರ ಹತ್ತಿರ 5 ಕೆಜಿ. ಕಾಲು ನಿಂತಾಗ ತಲೆ ಇನ್ನೂ ಕೆಳಕ್ಕೇ ಹೊರಟಿರುತ್ತೆ, ಅದನ್ನ ನಿಲ್ಲಿಸಬೇಕಾದ್ದು ಕುತ್ತಿಗೆ ಒಂದೇ. 20 ಪಟ್ಟು ಅಂದರೆ ಕುತ್ತಿಗೆಗೆ 100 ಕೆಜಿ ಕಟ್ಟಿ ಜಗ್ಗಿದ ಹಾಗೆ, ಅದೂ ಪ್ರಜ್ಞೆ ಇಲ್ಲದೆ ಸ್ನಾಯು ಸಡಿಲವಾಗಿರೋವಾಗ. ‘ಸ್ನ್ಯಾಪ್’ ಸದ್ದು ಬರೋ ಸಾಧ್ಯತೆ ಇದ್ದೇ ಇದೆ.

ಹಂಗಂತ ಬಿಟ್ಟಿದ್ರೆ ಬದುಕುತ್ತಿದ್ದಳಾ? ಪೂರ್ತಿ 84 ಮೀಟರ್ ಬಿದ್ದು ನೀರಿಗೆ ತಾಗೋವಾಗ ವೇಗ ಸುಮಾರು 145 ಕಿ.ಮೀ. ಅದರಲ್ಲಿ ಬದುಕೋದು ಕನಸಿನ ಮಾತು. ತಪ್ಪು ಆಗಿದ್ದು ಬಲೆ ಎಸೆದಿದ್ದರಲ್ಲಲ್ಲ, ಎಸೆದ ರೀತೀಲಿ. ಇನ್ನೂ 24 ಮೀಟರ್ ಜಾಗ ಇತ್ತು. ಬಲೆಯನ್ನ ಬಿಗಿ ಹಿಡಿಯದೆ ಕೈಯಿಂದ ಜಾರಿಸಿಕೊಂಡು ಸಡಿಲ ಬಿಟ್ಟಿದ್ದರೆ, ಸೊಂಟಕ್ಕೂ ಭುಜಕ್ಕೂ ಎರಡು ಎಳೆ ಹಾಕಿದ್ದರೆ ಸಾಕಿತ್ತು. ಇನ್ನೊಂದು ದಾರಿ, ತಾನೇ ಹಾರಿ ಅವಳ ವೇಗಕ್ಕೆ ತನ್ನ ವೇಗ ಹೊಂದಿಸಿ ತಬ್ಬಿ ಹಿಡಿದು ಆಮೇಲೆ ತೂಗೋದು. 2002ರ ‘ಸ್ಪೈಡರ್‌ಮ್ಯಾನ್’ ಸಿನಿಮಾದಲ್ಲಿ ಕ್ವೀನ್ಸ್‌ಬರೋ ಸೇತುವೆ ಹತ್ತಿರ ಮೇರಿ ಜೇನ್‌ಳನ್ನ ಹಿಡಿಯೋದು ಹಾಗೇ. ಅವಳು ಬದುಕಿದ್ದು ನಾಯಕಿ ಅನ್ನೋ ಕಾರಣಕ್ಕೆ ಮಾತ್ರ ಅಲ್ಲ.

ಕೊನೇ ಬೆಂಚು:

ಲೆಕ್ಕ ಒಪ್ಪಿದೆ. ಆದರೆ ಸಿನಿಮಾ ಬದಲಾಯಿಸಿದ್ದು ಲೆಕ್ಕವನ್ನಲ್ಲ, ತಪ್ಪಿತಸ್ಥ ಭಾವವನ್ನ. ಇದನ್ನ ಯಾರೂ ಎತ್ತಿಲ್ಲ.

90ನೇ ಸಂಚಿಕೆಯಲ್ಲಿ (ನವೆಂಬರ್ 1970) ಗ್ವೆನ್‌ಳ ಅಪ್ಪ, ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಸ್ಟೇಸಿ ಒಂದು ಮಗುವನ್ನ ಉಳಿಸೋಕೆ ಹೋಗಿ ಇಟ್ಟಿಗೆ ರಾಶಿ ಅಡಿ ಸಿಕ್ಕಿ ಸಾಯ್ತಾರೆ. ಸಾಯೋ ಮುಂಚೆ ಪೀಟರನಿಗೆ ಹೇಳೋದು ಗ್ವೆನ್‌ಳನ್ನ ಚೆನ್ನಾಗಿ ನೋಡ್ಕೋ ಅಂತ. 2012ರಲ್ಲಿ ಬಂದ ಮೊದಲ ಭಾಗದ ಸಿನಿಮಾದಲ್ಲಿ ಅದೇ ಅಪ್ಪ ಹೇಳೋದು ಅವಳಿಂದ ದೂರ ಇರು ಅಂತ. ಪೂರ್ತಿ ಉಲ್ಟಾ! ಆ ಒಂದು ಬದಲಾವಣೆಯಿಂದ ಮುಂದಿನ ಸಾವಿನ ಅರ್ಥವೇ ಬೇರೆ ಆಗುತ್ತೆ. ಕಾಮಿಕ್ಸ್‌ನಲ್ಲಿ ಪೀಟರನನ್ನ ಕೊರೆಯೋದು ‘ನನ್ನ ಕೈಯೇ ಮಾಡಿತಾ?’ ಅನ್ನೋದು. ಸಿನಿಮಾದಲ್ಲಿ ಕೊರೆಯೋದು ‘ಕೊಟ್ಟ ಮಾತು ಮುರಿದೆ’ ಅನ್ನೋದು. ಅದಕ್ಕೇ ಅಲ್ಲಿ ಬಲೆಯನ್ನ ಬಚಾವ್ ಮಾಡಿದಾರೆ. ಬಲೆಯ ತುದಿ ಕೈಯ ಬೆರಳುಗಳ ಹಾಗೆ ಬಿಡಿಸಿಕೊಂಡು ಅವಳ ಕಡೆ ಚಾಚುತ್ತೆ, ಕಾಲಿಗಲ್ಲ ಮೈಗೆ ಅಂಟುತ್ತೆ, ತಲೆ ನೆಲಕ್ಕೆ ಬಡಿಯುತ್ತೆ. ಕೈ ತಲುಪಲಿಲ್ಲ, ಅಷ್ಟೇ. ಕೈ ಕೊಂದಿತು ಅನ್ನೋ ಅನುಮಾನಕ್ಕೇ ಅಲ್ಲಿ ಜಾಗ ಇಲ್ಲ. ನೋಡೋಕೆ ಚೆಂದ. ಆದರೆ ನನ್ನ ಪ್ರಕಾರ ಹೆದರಿಕೊಂಡು ಬರೆದ ದೃಶ್ಯ. ಗಡಿಯಾರದ ಮುಳ್ಳನ್ನ 1:21ಕ್ಕೆ ನಿಲ್ಲಿಸಿ 121ಕ್ಕೆ ನಮಸ್ಕಾರ ಹಾಕೋದು ಸುಲಭ, 121ರ ಧೈರ್ಯ ತೋರಿಸೋದು ಕಷ್ಟ.

ಹಳೇಪುಟ:

ಅರ್ಧ ಒಪ್ಪುತ್ತೇನೆ. ಆದರೆ ಮೂಲವನ್ನು ಅಷ್ಟು ಮೇಲೆ ಕೂರಿಸಬೇಡಿ. 121ರ ಸೇತುವೆಯ ಮೇಲೆ ಗ್ವೆನ್‌ಗೆ ಒಂದೇ ಒಂದು ಮಾತಿಲ್ಲ. ಪೀಟರನೇ ಸ್ಪೈಡರ್‌ಮ್ಯಾನ್ ಎಂಬುದೂ ಗೊತ್ತಿಲ್ಲ. ಅಪ್ಪನ ಸಾವಿಗೆ ಸ್ಪೈಡರ್‌ಮ್ಯಾನ್ ಕಾರಣ ಎಂದೇ ನಂಬಿದವಳು. ಸಿನಿಮಾದ ಗ್ವೆನ್‌ಗೆ ಎಲ್ಲ ಗೊತ್ತು. ಬರಬಾರದೆಂದು ಪೀಟರ್ ಅವಳ ಕೈಯನ್ನು ಕಾರಿಗೆ ಬಲೆಯಿಂದ ಅಂಟಿಸಿ ಹೋದರೂ ಬಿಡಿಸಿಕೊಂಡು ತಾನೇ ಬರುತ್ತಾಳೆ. ಕಾಮಿಕ್ಸ್‌ನಲ್ಲಿ ಅವಳು ನಾಯಕನನ್ನು ನೋಯಿಸಲು ಬಳಸಿದ ವಸ್ತು, ಸಿನಿಮಾದಲ್ಲಿ ಮನುಷ್ಯಳು. ಈ ವಿಷಯದಲ್ಲಿ ಸಿನಿಮಾದ್ದೇ ಮೇಲುಗೈ, ಮುಲಾಜಿಲ್ಲದೆ.

ಜಾಲಾಡಿ:

ಓದೋ ಕ್ರಮ ಯಾರೂ ಹೇಳಲಿಲ್ಲವಲ್ಲ ಸರ್! ಮತ್ತೆ ‘ನೋ ವೇ ಹೋಮ್’ ಸಿನಿಮಾದಲ್ಲಿ ಆಂಡ್ರ್ಯೂ ಗಾರ್ಫೀಲ್ಡ್ (2014ರ ಸಿನಿಮಾದ ಪೀಟರ್) ಬೀಳ್ತಿರೋ ಎಂಜೆಯನ್ನ ಹಿಡಿಯೋದು ಈ ಲೆಕ್ಕಕ್ಕೆ ಪಾಸಾ?

ನ್ಯೂಟನ್ನನ ಭಾವ:

ಪಾಸ್. ಮೇಲೆ ನಿಂತು ಅವಳ ಮೇಲೆ ಬಲೆ ಎಸೆಯಲ್ಲ, ತಾನೇ ಧುಮುಕಿ ತೋಳಲ್ಲಿ ಹಿಡೀತಾನೆ. ಹಿಂದಿನ ಸಲದ ತಪ್ಪನ್ನ ತಿದ್ದಿಕೊಂಡಿದಾನೆ ಅನ್ನೋದನ್ನ ಬಾಯಿಬಿಟ್ಟು ಹೇಳದೆಯೇ ತೋರಿಸಿಬಿಡ್ತಾರೆ. ಹಿಂದಿನ ಸಿನಿಮಾದ ಫ್ಲ್ಯಾಶ್‌ಬ್ಯಾಕ್ ತೋರಿಸಿದ್ರೂ ಅಷ್ಟು ಬರ್ತಿರಲಿಲ್ಲ.

ಹಳೇಪುಟ:

ಕ್ರಮ: ಮೊದಲು 88ರಿಂದ 92, ಆಮೇಲೆ 121 ಮತ್ತು 122. ಈ ಏಳೂ ‘ದಿ ಡೆತ್ ಆಫ್ ದಿ ಸ್ಟೇಸೀಸ್’ ಎಂಬ ಒಂದೇ ಸಂಗ್ರಹದಲ್ಲಿವೆ. 122ನ್ನು ಬಿಡಬೇಡಿ. ಗಾಬ್ಲಿನ್ ತನ್ನದೇ ಗ್ಲೈಡರ್‌ಗೆ ಬಲಿಯಾಗುವುದು ಅದರಲ್ಲಿ. 2002ರ ಸಿನಿಮಾದ ಅಂತ್ಯ ಅಲ್ಲಿಂದಲೇ ಬಂದದ್ದು. ನಡುವೆ ಪುರುಸೊತ್ತಿದ್ದರೆ 96ರಿಂದ 98: ಹ್ಯಾರಿಯ ಮಾದಕ ಚಟದ ಕಥೆ, 1971ರಲ್ಲಿ ಕಾಮಿಕ್ಸ್ ಕೋಡ್‌ನ (ಕಾಮಿಕ್ಸ್ ಪ್ರಕಾಶಕರೇ ಮಾಡಿಕೊಂಡಿದ್ದ ಸೆನ್ಸಾರ್ ನಿಯಮಗಳ) ಮುದ್ರೆ ಇಲ್ಲದೆ ಹೊರಬಂದದ್ದು. ಅದಿಲ್ಲದೆ 121ರ ಹ್ಯಾರಿ ಅರ್ಥವಾಗುವುದಿಲ್ಲ.

ನಂತರಕ್ಕೆ ‘ಮಾರ್ವೆಲ್ಸ್’ ನಾಲ್ಕನೇ ಸಂಚಿಕೆ (1994, ಕರ್ಟ್ ಬ್ಯೂಸಿಕ್ ಮತ್ತು ಅಲೆಕ್ಸ್ ರಾಸ್). ಅದೇ ಸಾವನ್ನು ಒಬ್ಬ ಪತ್ರಿಕಾ ಛಾಯಾಗ್ರಾಹಕನ ಕಣ್ಣಿಂದ ನೋಡುತ್ತದೆ. 2004ರ 509ರಿಂದ 514ರವರೆಗಿನದನ್ನು ಮುಟ್ಟಲೇಬೇಡಿ. ಗ್ವೆನ್‌ಗೂ ನಾರ್ಮನ್‌ಗೂ ಗಂಟುಹಾಕಿದ ಕೆಟ್ಟ ಕಥೆ ಅದು.

ಕೊನೇ ಬೆಂಚು:

‘ಎಡ್ಜ್ ಆಫ್ ಸ್ಪೈಡರ್‌ವರ್ಸ್’ 2 (2014) ಸೇರಿಸಿ. ಅಲ್ಲಿ ಗ್ವೆನ್‌ಗೇ ಜೇಡದ ಶಕ್ತಿ, ಸತ್ತಿರೋದು ಪೀಟರ್. 2023ರ ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಕನ್ನಡ ಡಬ್ಬಿಂಗ್‌ನಲ್ಲೂ ಬಂತಲ್ಲ, ಅದರ ಗ್ವೆನ್ ಇವಳೇ. ಪ್ರತಿ ಸ್ಪೈಡರ್‌ಮ್ಯಾನ್ ಕಥೆಯಲ್ಲೂ ಒಬ್ಬ ಪೊಲೀಸ್ ಕ್ಯಾಪ್ಟನ್ ಸಾಯಲೇಬೇಕು ಅನ್ನೋ ಅದರ ‘ಕ್ಯಾನನ್’ (ಬದಲಾಗಬಾರದ ಘಟನೆ) ಜಗಳ 90ನೇ ಸಂಚಿಕೆ ಓದಿದ ಮೇಲೆ ಬೇರೆ ಥರಾನೇ ಕಾಣುತ್ತೆ.

ಹಳೇಪುಟ:

ಹೌದು, ಅದು ಬೇಕು. ಆ್ಯಪ್‌ನಲ್ಲಿ ಓದುವುದಾದರೆ ಇನ್ನೊಂದು ಮಾತು: ಚೌಕದಿಂದ ಚೌಕಕ್ಕೆ ತಾನೇ ಹಿಗ್ಗಿಸಿ ತೋರಿಸುವ ಸೌಲಭ್ಯವನ್ನು 121ಕ್ಕೆ ಆಫ್ ಮಾಡಿ, ಇಡೀ ಪುಟವನ್ನು ಒಮ್ಮೆಗೇ ನೋಡಿ. ಆ ಸಣ್ಣ ಅಕ್ಷರಗಳು ಪುಟದ ಗದ್ದಲದಲ್ಲಿ ಕಣ್ತಪ್ಪುವಂತೆ ಇರಬೇಕಾದವು. ಚೌಕವೊಂದೇ ಪರದೆ ತುಂಬಿದರೆ ಪೀಟರನಿಗೆ ತಿಳಿಯುವ ಮೊದಲೇ ನಿಮಗೆ ತಿಳಿದುಹೋಗುತ್ತದೆ.